ಓದುಗರ ಪ್ರಶ್ನೆ: ಒಬ್ಲೊಮೊವ್ ಹಾಸಿಗೆ ಬಿಟ್ಟು ಏಳದಿರುವುದೇಕೆ?

ಪ್ರಶ್ನೆ: ಇವಾನ್ ಗೊಂಚರೋವ್ ಬರೆದ ರಷ್ಯನ್ ಕಾದಂಬರಿ ‘ಒಬ್ಲೊಮೊವ್’ ಓದಲು ಹಿಡಿದಿದ್ದೇನೆ. ಪುಟಗಟ್ಟಲೆ ಓದಿದರೂ ನಾಯಕ ಮಲಗಿಯೇ ಇದ್ದಾನೆ. ಗುರಿಯೇ ಇಲ್ಲದ ಸೋಮಾರಿಯ ಕತೆಯನ್ನು ಮುಂದೆ ಓದಬೇಕೇ?

ಉತ್ತರ: ಖಂಡಿತ ಓದಿ. ಹೆಚ್ಚಿನವರು ಪುಸ್ತಕ ಮುಚ್ಚಿಡುವುದು ನೀವಿರುವ ಜಾಗದಲ್ಲೇ. ಒಟ್ಟು ನಾಲ್ಕು ಭಾಗಗಳಲ್ಲಿ ಮೊದಲನೆಯದರ 11 ಅಧ್ಯಾಯಗಳೂ ಒಂದೇ ದಿನದಲ್ಲಿ, ಪೀಟರ್ಸ್‌ಬರ್ಗಿನ ಗೊರೊಖೊವಾಯಾ ಬೀದಿಯ ಮನೆಯೊಂದರಲ್ಲಿ ನಡೆಯುತ್ತವೆ. ಬೇಸರವಾದರೆ ನೇರ 9ನೇ ಅಧ್ಯಾಯಕ್ಕೆ ಹೋಗಿ, ‘ಒಬ್ಲೊಮೊವ್‌ನ ಕನಸು’ ಓದಿಕೊಂಡು ಮತ್ತೆ ಮೊದಲಿಗೆ ಬನ್ನಿ. ಇದರಿಂದ ಕತೆ ಕೆಡುವುದಿಲ್ಲ. ಇಡೀ ಕಾದಂಬರಿ ಬಂದದ್ದು 1859ರಲ್ಲಿ, ಈ ಅಧ್ಯಾಯ ಮಾತ್ರ 1849ರಲ್ಲೇ ಬಿಡಿಯಾಗಿ ಅಚ್ಚಾಗಿತ್ತು.

ಇವನನ್ನು ಸೋಮಾರಿ ಎಂದು ಬದಿಗಿಟ್ಟರೆ ಕಾದಂಬರಿ ಕೈತಪ್ಪುತ್ತದೆ. ಕನಸಿನಲ್ಲಿ ಬರುವ ಅವನ ಹುಟ್ಟೂರು ಒಬ್ಲೊಮೊವ್ಕಾವನ್ನು ನೋಡಿ. ಊರಿಗೊಂದು ಕಾಗದ ಬಂದರೆ ಏನು ಕೆಟ್ಟ ಸುದ್ದಿಯೋ ಎಂದು ಮನೆಯವರು ನಾಲ್ಕು ದಿನ ಒಡೆಯುವುದೇ ಇಲ್ಲ. ಒಡೆದರೆ, ಯಾರೋ ಪರಿಚಯದವರು ಬಿಯರ್ ಮಾಡುವ ಬಗೆ ಕೇಳಿದ್ದಾರೆ, ಅಷ್ಟೇ. ಅದಕ್ಕೂ ಉತ್ತರ ಹೋಯಿತೋ ಇಲ್ಲವೋ ತಿಳಿಯದು. ಹುಡುಗ ಕಾಲು ಚಾಚಿದರೆ ಸಾಕು, ಕಾಲುಚೀಲ ಹಾಕಲು ಆಳು ಜಖಾರ್ ಸಿದ್ಧ. ಜೀತದಾಳುಗಳ ದುಡಿಮೆಯಲ್ಲಿ ನಡೆಯುವ ಮನೆ ಅದು. ರಷ್ಯಾದಲ್ಲಿ ಆ ಜೀತ ರದ್ದಾದದ್ದು 1861ರಲ್ಲಿ. ಕಾಲುಚೀಲ ಹಾಕಿಕೊಳ್ಳಲು ಬಾರದಲ್ಲಿ ಶುರುವಾದದ್ದು ಬದುಕಲು ಬಾರದಲ್ಲಿ ಮುಗಿಯಿತು ಎಂದು ಗೆಳೆಯ ಶ್ತೋಲ್ಟ್ಸ್ ಮುಂದೆ ಹೇಳುವುದು ಇದನ್ನೇ. ಆಸೆ ಅವನಲ್ಲಿ ಬೇಕಾದಷ್ಟಿದೆ. ಹಳ್ಳಿಯ ಸುಧಾರಣೆಯ ಯೋಜನೆ ವರ್ಷಗಳಿಂದ ತಲೆಯಲ್ಲಿ ಬೆಳೆಯುತ್ತಲೇ ಇದೆ. ಆಸೆಯಿಂದ ಮೊದಲ ಹೆಜ್ಜೆಗೆ ದಾಟುವುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ಅದು ಎಲ್ಲಿ ಮುರಿದು ಬೀಳುತ್ತದೆ ಎಂಬುದನ್ನು ಗೊಂಚರೋವ್ ಹತ್ತಿರದಿಂದ ತೋರಿಸುತ್ತಾನೆ. ಮನೆ ಖಾಲಿ ಮಾಡಬೇಕಾಗಿದೆ, ಮಾಲೀಕನಿಗೆ ಕಾಗದ ಬರೆಯಲು ಕೂರುತ್ತಾನೆ. ಒಂದೇ ವಾಕ್ಯದಲ್ಲಿ ‘ಎಂದು’ ಎರಡೆರಡು ಸಲ ಬಂದುಬಿಡುತ್ತದೆ. ತಿದ್ದುತ್ತಾನೆ, ಇನ್ನೊಂದು ಪದ ಎರಡು ಸಲ ಬರುತ್ತದೆ. ಕೊನೆಗೆ ಹರಿದು ಹಾಕುತ್ತಾನೆ. ಕೆಲಸ ಬಿಟ್ಟದ್ದೂ ಹೀಗೆಯೇ: ಅಸ್ತ್ರಾಖಾನಿಗೆ ಹೋಗಬೇಕಿದ್ದ ಸರ್ಕಾರಿ ಪತ್ರ ಅರ್ಖಾಂಗೆಲ್ಸ್ಕಿಗೆ ಹೋಯಿತು, ಮೇಲಧಿಕಾರಿಗೆ ಹೆದರಿ ಮನೆಯಲ್ಲೇ ಕುಳಿತ, ಆಮೇಲೆ ರಾಜೀನಾಮೆ ಕೊಟ್ಟ. ಇದರ ಬೇರು ಮೈಗಳ್ಳತನಕ್ಕಿಂತ ಹೆಚ್ಚಾಗಿ ಅಂಜಿಕೆಯಲ್ಲಿದೆ. ಪ್ರೀತಿಯಲ್ಲೂ ಅಷ್ಟೇ. ಒಲ್ಗಾಳನ್ನು ಮನಸಾರೆ ಪ್ರೀತಿಸುತ್ತಾನೆ, ಆದರೆ ನೆವಾ ನದಿಯ ಸೇತುವೆ ತೆಗೆದಿದ್ದಾರೆ ಎನ್ನುವುದೇ ಅವಳ ಮನೆಗೆ ಹೋಗದಿರಲು ನೆಪವಾಗುತ್ತದೆ.

ಪ್ರಶ್ನೆ: ಹಾಗಾದರೆ ಸದಾ ದುಡಿಯುವ ಶ್ತೋಲ್ಟ್ಸ್ ಗುರಿಯುಳ್ಳವನೇ?

ಉತ್ತರ: ಓಡಾಟವೇ ಗುರಿ ಅಲ್ಲ. ಮೊದಲ ಭಾಗದಲ್ಲಿ ಸಾಲಾಗಿ ಬರುವ ಅತಿಥಿಗಳನ್ನು ಗಮನಿಸಿ: ಒಬ್ಬನಿಗೆ ಔತಣಗಳ ಹುಚ್ಚು, ಇನ್ನೊಬ್ಬನಿಗೆ ಬಡ್ತಿಯದು, ಮತ್ತೊಬ್ಬನಿಗೆ ಬರೆದು ಅಚ್ಚು ಹಾಕಿಸುವುದು. ಮಲಗಿದವನೇ ಅವರನ್ನು ಕಂಡು ಅಯ್ಯೋ ಎನ್ನುತ್ತಾನೆ, ಆ ಮರುಕ ಸುಳ್ಳಲ್ಲ. ಶ್ತೋಲ್ಟ್ಸ್‌ಗೆ ಶಿಸ್ತಿದೆ, ಒಳ್ಳೆಯ ಮನಸ್ಸೂ ಇದೆ. ಆದರೆ ಅವನನ್ನು ಮದುವೆಯಾಗಿ ಸುಖವಾಗಿರುವ ಒಲ್ಗಾಳಿಗೇ ನಾಲ್ಕನೇ ಭಾಗದಲ್ಲಿ ‘ಮುಂದೇನು?’ ಎಂಬ ಕೊರಗು ಹತ್ತುತ್ತದೆ. ಅವನ ಸಮಾಧಾನ ಅದಕ್ಕೆ ಸಾಲದು. ವಿಮರ್ಶಕ ದೊಬ್ರೊಲ್ಯುಬೊವ್ 1859ರಲ್ಲೇ ‘ಒಬ್ಲೊಮೊವ್‌ತನ ಎಂದರೇನು?’ ಎಂಬ ಲೇಖನದಲ್ಲಿ, ಶ್ತೋಲ್ಟ್ಸ್‌ಗಿಂತ ಒಲ್ಗಾಳ ಮೇಲೆ ಹೆಚ್ಚು ಭರವಸೆ ಇಟ್ಟಿದ್ದ.

ಗುರಿ ಎಂಬ ಮಾತನ್ನೇ ಎತ್ತದ ಒಬ್ಬಳನ್ನು ಓದುಗರು ಮರೆಯುತ್ತಾರೆ, ಪೀಟರ್ಸ್‌ಬರ್ಗಿನ ವೀಬೊರ್ಗ್ ಕಡೆಯಲ್ಲಿ ಒಬ್ಲೊಮೊವ್ ಆಮೇಲೆ ಬಾಡಿಗೆಗಿದ್ದ ಮನೆಯ ಒಡತಿ, ವಿಧವೆ ಅಗಾಫ್ಯಾ ಮತ್ವೆಯೆವ್ನಾ. ಅವಳ ಅಣ್ಣ ಒಬ್ಲೊಮೊವ್‌ಗೆ ಮೋಸಮಾಡಿ ಮನೆಯಲ್ಲಿ ಕಾಸಿಲ್ಲದಂತಾದಾಗ, ಅವನ ಊಟ ಕೆಡಬಾರದೆಂದು ಯಾರಿಗೂ ಹೇಳದೆ ತನ್ನ ಮುತ್ತುಗಳನ್ನು ಒತ್ತೆಯಿಟ್ಟವಳು ಅವಳೇ.