ಇನ್ಸುಲಿನ್ ರೆಸಿಸ್ಟೆನ್ಸ್‌ಗೆ ಚೈನೀಸ್ ಗಿಡಮೂಲಿಕೆ ತಗೋಬಹುದಾ?

ನೀವು ಕೇಳಿರೋದು ಇಷ್ಟು: ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆ, ಫಾಸ್ಟಿಂಗ್ ಶುಗರ್ 104, ಇನ್ಸುಲಿನ್ 22, ಡಾಕ್ಟ್ರು ಇನ್ಸುಲಿನ್ ರೆಸಿಸ್ಟೆನ್ಸ್ (ಇನ್ಸುಲಿನ್ ಇದ್ರೂ ಮೈ ಅದರ ಮಾತು ಸರಿಯಾಗಿ ಕೇಳಲ್ಲ) ಅಂದಿದಾರೆ, ಫ್ರೆಂಡು ಬರ್ಬರಿನ್ ಅನ್ನೋ ಚೈನೀಸ್ ಕ್ಯಾಪ್ಸೂಲ್ ತಗೋ ಅಂತಿದಾಳೆ. (104 ಇಂಟು 22, ಭಾಗಿಸು 405, ಆ ರೆಸಿಸ್ಟೆನ್ಸ್ ಅಳೆಯೋ ಹೋಮಾ ಐಆರ್ ಲೆಕ್ಕ 5.6 ಬರುತ್ತೆ, ಜಾಸ್ತಿನೇ.)

ನಂಗೆ ನಗು ಬಂತು, ಯಾಕಂದ್ರೆ ಅದೇ ಬರ್ಬರಿನ್‌ನ ನಾನು ಚೈನಾದಲ್ಲಿ ಎಂಬಿಬಿಎಸ್ ಓದೋವಾಗ ತಗೊಂಡಿದ್ದು ಭೇದಿಗೆ. ಹಾಟ್‌ಪಾಟ್ ತಿಂದು ಹೊಟ್ಟೆ ಕೆಟ್ಟಿತ್ತು, ಹಾಸ್ಟೆಲ್ ಪಕ್ಕದ ಮೆಡಿಕಲ್ ಶಾಪಲ್ಲಿ ನಾನು ಹೊಟ್ಟೆ ತೋರಿಸಿದ್ದೇ ತಡ ಅಂಗಡಿ ಆಂಟಿ ಒಂದು ಸಣ್ಣ ಬಾಟ್ಲಿ ಕೊಟ್ರು, ಹ್ವಾಂಗ್‌ಲಿಯೆನ್‌ಸು, 100 ಎಂಜಿ ಮಾತ್ರೆ. ಸುಮ್ನೆ ನುಂಗೋದು ಬಿಟ್ಟು ಮುರಿದು ನಾಲಿಗೆ ಮೇಲಿಟ್ಟೆ ನೋಡಿ, ಬೇವಿನ ಸೊಪ್ಪೇ ವಾಸಿ ಅನ್ನಿಸ್ತು, ಬೆರಳೆಲ್ಲ ಅರಿಶಿನ ಮುಟ್ಟಿದಂಗೆ ಹಳದಿ. ಕಳ್ಳಂಗೆ ಚೇಳು ಕುಟುಕಿದಂಗೆ ಅಂತ ನಾವು ಅನ್ನಲ್ವಾ, ಅಲ್ಲಿ ಅದಕ್ಕೆ ಮೂಗ ಹ್ವಾಂಗ್‌ಲಿಯೆನ್ ತಿಂದಂಗೆ ಅಂತಾರೆ.

ಹ್ವಾಂಗ್‌ಲಿಯೆನ್ ಅಂದ್ರೆ ಕಾಪ್ಟಿಸ್ ಗಿಡದ ಬೇರು, ಅದರ ಹಳದಿನೇ ಬರ್ಬರಿನ್. ನಮ್ಮ ಘಟ್ಟದ ಮರದರಿಶಿನದಲ್ಲೂ ಇದೆ. ಶುಗರ್ ಪೇಷಂಟ್‌ಗಳಿಗೆ ಇದನ್ನ ಕೊಟ್ಟು ನೋಡಿದ ವರದಿ 1988ರಲ್ಲೇ ಬಂದಿತ್ತು, ಆದ್ರೆ ಹೆಸರು ಮಾಡಿದ್ದು 2008ರ ಶಾಂಘೈ ಸ್ಟಡಿ. ಹೊಸದಾಗಿ ಶುಗರ್ ಬಂದಿದ್ದ 36 ಜನರಲ್ಲಿ ಕೆಲವರಿಗೆ ಬರ್ಬರಿನ್, ಕೆಲವರಿಗೆ ಮೆಟ್‌ಫಾರ್ಮಿನ್ ಅನ್ನೋ ಮಾಮೂಲಿ ಶುಗರ್ ಮಾತ್ರೆ, ಎರಡೂ 500 ಎಂಜಿ ದಿನಕ್ಕೆ ಮೂರು ಸಲ. ಮೂರು ತಿಂಗಳಿಗೆ ಬರ್ಬರಿನ್‌ನವರ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಟೆಸ್ಟು) 9.5ರಿಂದ 7.5ಕ್ಕೆ ಇಳೀತು, ಹೆಚ್ಚುಕಮ್ಮಿ ಮೆಟ್‌ಫಾರ್ಮಿನ್ ಸಮಕ್ಕೆ. ಕಂಟ್ರೋಲಿಗೆ ಬರದ ಇನ್ನೊಂದು 48 ಜನರ ಗುಂಪಲ್ಲಿ ಹೋಮಾ ಐಆರ್ ಶೇ. 44.7 ಕಮ್ಮಿ ಆಯ್ತು. ಸುಮ್ನೆ ಹೊಗಳಿಕೆ ಅಲ್ಲ ಅದು, ಕೆಲಸ ಮಾಡುತ್ತೆ, ಜೀವಕೋಶದ ಶಕ್ತಿ ಕಾರ್ಖಾನೆ ಮೈಟೋಕಾಂಡ್ರಿಯಾನ ಸ್ವಲ್ಪ ಅಮುಕಿ, ಸಕ್ಕರೆ ಬಳಸು ಅಂತ ಹೇಳೋ ಎಎಂಪಿಕೆ ಅನ್ನೋ ಸ್ವಿಚ್ ಆನ್ ಮಾಡುತ್ತೆ, ಮೆಟ್‌ಫಾರ್ಮಿನ್ ತರಾನೇ. ಆದ್ರೆ ಜನ ಕಮ್ಮಿ, ಬರೀ ಮೂರು ತಿಂಗಳು, ಅವರೆಲ್ಲ ಶುಗರ್ ಪೂರ್ತಿ ಬಂದೋರು, ನಿಮ್ಮ ಥರ ಅಂಚಲ್ಲಿರೋರಲ್ಲ.

ಉಳಿದ ಗಿಡಗಳ ವಿಷಯ, ಜಿನ್ಸೆಂಗ್, ಆಸ್ಟ್ರಾಗಲಸ್ ಎಲ್ಲ ಇಲಿ ಮೇಲೆ ಮಾಡಿದ್ದೇ ಜಾಸ್ತಿ, ಬಿಟ್ಟಾಕಿ. ಒಂದು ಮಾತ್ರ ನಂಗೆ ಖುಷಿ ಕೊಡೋದು. ನಮ್ದು ಶಿಡ್ಲಘಟ್ಟ ಕಡೆ, ಹುಳ ಸೊಪ್ಪು ತಿಂದ್ಮೇಲೆ ಉಳಿಯೋ ಹಿಪ್ಪುನೇರಳೆ ಕಡ್ಡಿನ ಒಲೆಗೆ ಹಾಕ್ತಿದ್ವಿ, ಚೈನಾದಲ್ಲಿ ಅದೇ ಕಡ್ಡಿಯಿಂದ ತೆಗೆದ ಮಾತ್ರೆಗೆ 2020ರಲ್ಲಿ ಟೈಪ್ 2 ಶುಗರ್‌ಗೆ ಅಂತ ಅಪ್ರೂವಲ್ ಸಿಕ್ತು! ಆದ್ರೆ ಅದು ಮುಖ್ಯವಾಗಿ ಕರುಳಲ್ಲಿ ಪಿಷ್ಟ ಒಡೆಯೋದನ್ನ ನಿಧಾನ ಮಾಡುತ್ತೆ, ಇಲ್ಲಿ ಸಿಗೋ ವೋಗ್ಲಿಬೋಸ್ ಅನ್ನೋ ಶುಗರ್ ಮಾತ್ರೆ ಥರ. ಹಂಗಂತ ಕಡ್ಡಿ ತಂದು ಕಷಾಯ ಕಾಯಿಸ್ಬೇಡಿ.

ಹುಷಾರಾಗಿರ್ಬೇಕಾದ್ದು ಇನ್ನೊಂದಿದೆ. ವಾರ್ಡ್ ಪೋಸ್ಟಿಂಗಲ್ಲಿ ಒಬ್ರು ಅಜ್ಜಿ ಶುಗರ್‌ಗೆ ಶಿಯಾವೊಕ ಅಂತ ಕಪ್ಪು ಗುಂಡು ಮಾತ್ರೆ ಒಂದು ಹಿಡಿ ನುಂಗೋರು, ನಾನು ಪೂರ್ತಿ ಗಿಡಮೂಲಿಕೆ ಅಂದ್ಕೊಂಡಿದ್ದೆ. ಲೇಬಲ್ ಓದಿದ್ರೆ ಒಂದೊಂದ್ರಲ್ಲೂ 0.25 ಎಂಜಿ ಗ್ಲಿಬೆನ್‌ಕ್ಲಮೈಡ್ ಅನ್ನೋ ಇಂಗ್ಲಿಷ್ ಔಷಧಿ, ಹತ್ತು ನುಂಗಿದ್ರೆ 2.5 ಎಂಜಿ, ಅಂದ್ರೆ ನಮ್ಮ ಡಯೋನಿಲ್! ಅದು ಪ್ಯಾಂಕ್ರಿಯಾಸ್ ಹಿಂಡಿ ಇನ್ನಷ್ಟು ಇನ್ಸುಲಿನ್ ತೆಗೆಯೋ ಮಾತ್ರೆ, ನಿಮಗೆ ಆಗ್ಲೇ ಇನ್ಸುಲಿನ್ ಜಾಸ್ತಿ ಇದೆ. ಅವರು ಲೇಬಲ್ ಮೇಲಾದ್ರೂ ಹಾಕಿದ್ರು, ಆನ್‌ಲೈನಲ್ಲಿ ಬರೋ ಪುಡಿಗಳಲ್ಲಿ ಏನಿರುತ್ತೋ ಯಾರು ಕಂಡ್ರು.

ನಾನಾಗಿದ್ರೆ ಮೆಟ್‌ಫಾರ್ಮಿನ್ ಕೇಳ್ತಿದ್ದೆ, ಅಗ್ಗ, ದಶಕಗಳಿಂದ ಗೊತ್ತಿರೋ ಮಾತ್ರೆ. ಬರ್ಬರಿನ್ನೇ ಬೇಕು ಅಂದ್ರೆ ಡಾಕ್ಟ್ರಿಗೆ ಹೇಳಿ ತಗೊಳ್ಳಿ, ಯಾಕಂದ್ರೆ ಅದು ಲಿವರ್‌ನಲ್ಲಿ ಬೇರೆ ಮಾತ್ರೆಗಳು ಕರಗೋದನ್ನ ತಡೆಯುತ್ತೆ, ಮೊದಲೇ ಶುಗರ್ ಮಾತ್ರೆ ಇದ್ರೆ ಲೋ ಆಗ್ಬಹುದು. ಮಗುಗೆ ಟ್ರೈ ಮಾಡ್ತಿದ್ರೆ, ಬಸುರಿ, ಬಾಣಂತಿ ಆಗಿದ್ರೆ ಬೇಡವೇ ಬೇಡ, ಹಸುಗೂಸಿಗೆ ಕಾಮಾಲೆ ಜಾಸ್ತಿ ಮಾಡುತ್ತೆ. ಆಮೇಲೆ ಮೂರ್ನಾಲ್ಕು ದಿನ ಮೋಷನ್ ಆಗ್ಲಿಲ್ಲ ಅಂತ ಇಲ್ಲಿ ಬಂದು ಬೈಬೇಡಿ, ಭೇದಿ ನಿಲ್ಸೋದೇ ಅದರ ಅಸಲಿ ಉದ್ಯೋಗ.