ಜಿಪಿ ಡಾಕ್ಟರ ಹತ್ತಿರ ‘ನಿದ್ರೆ ಬರ್ತಿಲ್ಲ’ ಅಂತಷ್ಟೇ ಹೇಳಿ ಬರಬೇಡಿ

ಇಂಗ್ಲೆಂಡಿನ ಲೆಸ್ಟರಿಗೆ ಓದಲು ಬಂದು ಮೂರು ತಿಂಗಳು, ವಾರವಿಡೀ ನಾಲ್ಕೈದು ಗಂಟೆ ನಿದ್ರೆ, ಭಾನುವಾರ ಹನ್ನೊಂದು ಗಂಟೆ ಮಲಗಿದರೂ ಸುಸ್ತು. ಇದು ಚಳಿಯೋ ಖಿನ್ನತೆಯೋ, ನಮ್ಮವರಿಗೇ ಹೆಚ್ಚೋ ಅಂತ ಕೇಳಿದ್ದೀರಿ.

ಖಿನ್ನತೆಯ ಮಾತು ಮೊದಲು. ಖಿನ್ನತೆ ತೀರಾ ಕಡಿಮೆ ಮಲಗುವವರಲ್ಲೂ ಹೆಚ್ಚು, ತೀರಾ ಹೆಚ್ಚು ಮಲಗುವವರಲ್ಲೂ ಹೆಚ್ಚು. ನಿದ್ರೆ ಮನಸ್ಸನ್ನು, ಮನಸ್ಸು ನಿದ್ರೆಯನ್ನು ಕೆಡಿಸುತ್ತಾ ಹೋಗುತ್ತದೆ. ಇನ್ನು ನಮ್ಮವರಿಗೇ ಹೆಚ್ಚೋ ಅನ್ನೋದು. ಅಮೆರಿಕದ ಸಮೀಕ್ಷೆಗಳಲ್ಲಿ 7 ಗಂಟೆಗಿಂತ ಕಡಿಮೆ ನಿದ್ರೆ ಬಿಳಿಯರಿಗಿಂತ ಕಪ್ಪುಜನರಲ್ಲಿ ಹೆಚ್ಚು ಕಾಣುತ್ತದೆ. ಅದಕ್ಕೆ ಕೊಡುವ ಕಾರಣಗಳು ರಾತ್ರಿ ಪಾಳಿ, ಗದ್ದಲದ ವಸತಿ, ತಾರತಮ್ಯದ ಒತ್ತಡ; ಅಂದರೆ ಬದುಕುವ ಪರಿಸ್ಥಿತಿ. ಮೇಲಾಗಿ ಜನಾಂಗ ಯಾವುದು ಅಂತ ಕೇಳುವ ಇಲ್ಲಿನ ಫಾರಂಗಳಲ್ಲಿ ‘ಇಂಡಿಯನ್’ ಅನ್ನೋದು ಒಂದೇ ಚೌಕ. ಲಂಡನ್ನಿನ ಸೌತಾಲಿನಲ್ಲೇ ಹುಟ್ಟಿದ ಪಂಜಾಬಿಗೂ ಮೊನ್ನೆ ಹಾಸನದಿಂದ ಇಳಿದವರಿಗೂ ಅದೇ. ಆ ಚೌಕದ ಸರಾಸರಿಯಿಂದ ನಿಮ್ಮ ನಿದ್ರೆ ಅಳೆಯಲಾಗದು.

ನಮ್ಮವರು ಎಡವುವುದು ಬೇರೆ ಕಡೆ. ತಲೆನೋವು, ಗ್ಯಾಸ್ಟ್ರಿಕ್, ಮೈಕೈ ನೋವು, ನಿದ್ರೆ ಇಲ್ಲ ಅಂತ ಹೇಳುತ್ತೇವೆ. ಬೇಜಾರು ಅಂತ ಬಾಯಿಬಿಡುವುದಿಲ್ಲ. ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರು, ಖಿನ್ನತೆ ಅಳೆಯಲು ಕೊಡುವ ಪಿಎಚ್‌ಕ್ಯೂ-9 ಎಂಬ ಹಾಳೆಯಲ್ಲಿ ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ರಿಂದ 3 ಅಂಕ. ನಿದ್ರೆ (ಕಡಿಮೆಯೂ ಹೆಚ್ಚೂ ಒಂದೇ ಪ್ರಶ್ನೆಯಲ್ಲಿ), ಸುಸ್ತು, ಹಸಿವು ಈ ಮೂರಕ್ಕೂ ಪೂರ್ತಿ ಅಂಕ ಹಾಕಿದರೂ ಆಗುವುದು 9. ಖಿನ್ನತೆ ಇರಬಹುದು ಅಂತ ಸಾಮಾನ್ಯವಾಗಿ ಗೆರೆ ಎಳೆಯುವುದು 10ಕ್ಕೆ. ಯಾವುದರಲ್ಲೂ ಆಸಕ್ತಿ ಇಲ್ಲ, ಮನಸ್ಸು ಕುಗ್ಗಿದೆ ಎಂಬ ಮೊದಲ ಎರಡು ಪ್ರಶ್ನೆಗೆ ಮರ್ಯಾದೆಗಂಜಿ ಸೊನ್ನೆ ಹಾಕಿದರೆ ಸಮಸ್ಯೆ ಕಾಗದದ ಮೇಲೆ ಬರುವುದೇ ಇಲ್ಲ.

ಜಿಪಿ ಬಳಿ ಹೋಗುವ ಮುಂಚೆ ಎರಡು ವಾರ ಬರೆದಿಡಿ: ಲೈಟ್ ಆರಿಸಿದ ಹೊತ್ತು, ನಿದ್ರೆ ಹತ್ತಿದ ಹೊತ್ತು, ಎದ್ದ ಹೊತ್ತು. ಹಾಸಿಗೆಯಲ್ಲಿ ಫೋನ್ ಹಿಡಿದದ್ದು ನಿದ್ರೆಯ ಲೆಕ್ಕಕ್ಕಿಲ್ಲ. ಭಾನುವಾರವೂ ಏಳುವ ಹೊತ್ತು ಬದಲಿಸಬೇಡಿ, ಆ ಹನ್ನೊಂದು ಗಂಟೆಯೇ ಅವತ್ತಿನ ರಾತ್ರಿ ನಿದ್ರೆ ಕದಿಯುವುದು. ಇಪ್ಪತ್ತು ನಿಮಿಷವಾದರೂ ನಿದ್ರೆ ಹತ್ತದಿದ್ದರೆ ಎದ್ದು ಕುರ್ಚಿಯಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಮಲಗಿ.

ಊರಿನ ಫೋನ್ ಇನ್ನೊಂದು ಕಳ್ಳ. ಚಳಿಗಾಲದಲ್ಲಿ ಭಾರತ ಐದೂವರೆ ಗಂಟೆ ಮುಂದೆ. ಅಮ್ಮ ಬೆಳಗ್ಗೆ ಆರಕ್ಕೆ ಕಾಫಿ ಲೋಟ ಹಿಡಿದು ವಿಡಿಯೋ ಕಾಲ್ ಮಾಡುವಾಗ ನಿಮಗೆ ನಡುರಾತ್ರಿ ಹನ್ನೆರಡೂವರೆ. ಮಧ್ಯಾಹ್ನ ಒಂದಕ್ಕೆ ಮಾಡಿ, ಅಲ್ಲಿ ಸಂಜೆ ಆರೂವರೆ. ಹೇಗೂ ಆ ಹೊತ್ತಲ್ಲಿ ಹೊರಗೆ ನಡೆಯುತ್ತಾ ಮಾತಾಡಿದರೆ ಬೆಳಕೂ ಸಿಗುತ್ತದೆ; ಡಿಸೆಂಬರಿನಲ್ಲಿ ಇಲ್ಲಿ ಎಂಟರ ಮೇಲೆ ಹುಟ್ಟುವ ಸೂರ್ಯ ನಾಲ್ಕರೊಳಗೆ ಮುಳುಗುತ್ತಾನೆ.

ಜಿಪಿಯಲ್ಲಿ ಹೆಸರು ನೋಂದಾಯಿಸಿದ್ದರೆ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಮಾತುಕತೆಯ ಮೂಲಕ ಕೊಡುವ ಚಿಕಿತ್ಸೆ) ನೀವೇ ಆನ್‌ಲೈನಲ್ಲಿ ಅರ್ಜಿ ಹಾಕಬಹುದು, ಡಾಕ್ಟರ ಚೀಟಿ ಬೇಡ, ದುಡ್ಡೂ ಬೇಡ. ಸರದಿ ಇರುತ್ತದೆ, ಇವತ್ತೇ ಹಾಕಿ. ಆದರೆ ಆ ಹಾಳೆಯ ಒಂಬತ್ತನೆಯ ಪ್ರಶ್ನೆಗೆ, ಅಂದರೆ ಬದುಕೇ ಬೇಡ ಅನಿಸುತ್ತಿದೆಯಾ ಎಂಬುದಕ್ಕೆ, ನಿಮ್ಮ ಉತ್ತರ ಸೊನ್ನೆ ಅಲ್ಲದಿದ್ದರೆ ಸರದಿ ಕಾಯಬೇಡಿ. ಎನ್‌ಎಚ್‌ಎಸ್‌ನ 111ಕ್ಕೆ ಫೋನ್ ಮಾಡಿ, ಮಾನಸಿಕ ಆರೋಗ್ಯದ ನೆರವಿಗೆ 2 ಒತ್ತಿ, ನಡುರಾತ್ರಿಯಾದರೂ ಸರಿ.