ಮಾತ್ರೆ ಚೀಲ ತುಂಬಿತ್ತು, ಕೇಳುವ ಡಾಕ್ಟರ್ ಇರಲಿಲ್ಲ

ಸಾವಿತ್ರಮ್ಮನವರಿಗೆ (ಹೆಸರು, ಊರು ಬದಲಿಸಿದ್ದೇನೆ) 71 ವರ್ಷ. ಯಜಮಾನರು ತೀರಿಕೊಂಡ ಮೇಲೆ ತಿಪಟೂರಿನ ಮನೆಗೆ ಬೀಗ ಹಾಕಿ ಬೆಂಗಳೂರಿಗೆ, ಮಗನ ಫ್ಲ್ಯಾಟ್‌ಗೆ ಬಂದವರು. "ಅಮ್ಮ ಮಾತೇ ಆಡಲ್ಲ, ಆಸ್ಪತ್ರೆ ಅಂದ್ರೆ ಸಿಟ್ಟು ಮಾಡ್ಕೋತಾರೆ, ಡಿಪ್ರೆಶನ್ ಇರಬೇಕು ಮೇಡಂ" ಅಂತ ಮಗ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಕರೆದುಕೊಂಡು ಬಂದರು.

ಮಗನನ್ನು ಹೊರಗೆ ಕೂರಿಸಿದೆ. ಗಂಡ ಹೋದ ದುಃಖ ಇತ್ತು, ಅದು ಇರೋದೇ. ಆದರೆ ಅವರು ಜಾಸ್ತಿ ಮಾತಾಡಿದ್ದು ಊರಿನ ಡಾಕ್ಟರ್ ಬಗ್ಗೆ. "ನಾನು ಬಾಗಿಲಲ್ಲಿ ಕಂಡ್ರೆ ಸಾಕು, ನಿದ್ದೆ ಮಾಡಿಲ್ವೇನಮ್ಮ ಅಂತಿದ್ರು. ಇಲ್ಲಿ ನಾನು ಎದುರಿಗೇ ಕೂತಿರ್ತೀನಿ ಕಣಮ್ಮ, ಎಲ್ಲಾ ಮಗನ್ನೇ ಕೇಳ್ತಾರೆ."

ಇಲ್ಲಿ ಹೃದಯಕ್ಕೆ ಒಂದು ಆಸ್ಪತ್ರೆ, ಮಂಡಿಗೆ ಇನ್ನೊಂದು, ಸಿಲ್ಕ್ ಬೋರ್ಡ್ ದಾಟಿ ಹೋಗಿಬರೋದಕ್ಕೆ ಮಗನಿಗೆ ಅರ್ಧ ದಿನ ರಜೆ. ಅವನಿಗೆ ಯಾಕೆ ತೊಂದರೆ ಅಂತ ತಲೆಸುತ್ತು ಬರುವುದನ್ನೇ ಮುಚ್ಚಿಟ್ಟಿದ್ದರು.

ಚೀಲ ಬಿಚ್ಚಿ ಮಾತ್ರೆಗಳನ್ನು ಮೇಜಿನ ಮೇಲೆ ಹರಡಿದರು. ಎರಡು ಸ್ಟ್ರಿಪ್‌ಗಳ ಬಣ್ಣ ಬೇರೆ, ಕಂಪನಿ ಬೇರೆ, ಆದರೆ ಸಣ್ಣ ಅಕ್ಷರದಲ್ಲಿ ಎರಡರಲ್ಲೂ ಅಮ್ಲೋಡಿಪಿನ್ ಅಂತಲೇ ಇತ್ತು. ಬೇರೆ ಬೇರೆ ಡಾಕ್ಟರ್ ಬರೆದ ಬಿಪಿ ಮಾತ್ರೆ, ಎರಡನ್ನೂ ನುಂಗುತ್ತಿದ್ದರು. ಆ ಮಾತ್ರೆಯಿಂದ ಕೆಲವರಿಗೆ ಕಾಲು ಊದುತ್ತದೆ. ಇವರಿಗೂ ಊದಿತ್ತು, ಅದಕ್ಕೆ ಮೂರನೆಯವರು ಮೂತ್ರ ಹೋಗುವ ಮಾತ್ರೆ ಕೊಟ್ಟಿದ್ದರು! ಸಾಲದ್ದಕ್ಕೆ ಮೆಡಿಕಲ್ ಶಾಪ್‌ನಿಂದ ಸುಮ್ನೆ ತಂದ ಮಂಡಿನೋವಿನ ಮಾತ್ರೆ. ಮೂತ್ರದ ಮಾತ್ರೆ ತಗೊಳ್ಳುವ ವಯಸ್ಸಾದವರಿಗೆ ಇಂಥ ನೋವಿನ ಮಾತ್ರೆಯಿಂದ ಕಿಡ್ನಿಗೆ ಪೆಟ್ಟು ಬೀಳಬಹುದು. ನಾನು ಆಪ್ತಸಲಹೆಗಾರ್ತಿ, ಡಾಕ್ಟರಲ್ಲ, ಯಾವುದನ್ನೂ ನಿಲ್ಲಿಸಿ ಅನ್ನಲಿಲ್ಲ. ಚೀಲ ಸಮೇತ ಇವತ್ತೇ ಹತ್ತಿರದ ಡಾಕ್ಟರಿಗೆ ತೋರಿಸಿ ಅಂದೆ.

ಆಮೇಲೆ ಮಗನನ್ನೂ ಒಳಗೆ ಕರೆದು ಹೇಳಿದ್ದು ಇಷ್ಟು. ಅಮ್ಮನಿಗೆ ಬೇಕಾಗಿರುವುದು ಇನ್ನೊಬ್ಬ ಸ್ಪೆಷಲಿಸ್ಟ್ ಅಲ್ಲ. ಅಮ್ಮ ಒಬ್ಬರೇ ನಡೆದು ಹೋಗಬಲ್ಲ ದೂರದಲ್ಲಿ, ಮೆಟ್ಟಿಲು ಹತ್ತಿಸದ ಕಡೆ, ಕನ್ನಡ ಬಲ್ಲ ಎಂಬಿಬಿಎಸ್ ಅಥವಾ ಜನರಲ್ ಮೆಡಿಸಿನ್ ಎಂಡಿ ಒಬ್ಬರನ್ನು ಹುಡುಕಿ. ಅಪಾರ್ಟ್‌ಮೆಂಟ್ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳುವುದಕ್ಕಿಂತ ಸಂಜೆ ಪಾರ್ಕಿನಲ್ಲಿ ಕೂರುವ ಅಜ್ಜಂದಿರನ್ನು ಕೇಳುವುದು ವಾಸಿ, ಅವರಿಗೆ ಸುತ್ತಮುತ್ತಲಿನ ಎಲ್ಲಾ ಡಾಕ್ಟರ್‌ಗಳ ಜಾತಕ ಗೊತ್ತಿರುತ್ತದೆ. ಜ್ವರ ಬರಲಿ ಅಂತ ಕಾಯಬೇಡಿ, ಚೆನ್ನಾಗಿರುವಾಗಲೇ ಒಮ್ಮೆ ಹೋಗಿ. ಹಳೇ ಫೈಲ್ ಓದುತ್ತಾರಾ, ಅಮ್ಮನನ್ನೇ ನೋಡಿ ಮಾತಾಡುತ್ತಾರಾ, ತಾವು ಊರಲ್ಲಿಲ್ಲದಾಗ ಯಾರ ಹತ್ತಿರ ಹೋಗಬೇಕು ಅಂತ ಹೇಳುತ್ತಾರಾ, ಗಮನಿಸಿ. ಸರಿ ಹೋಗದಿದ್ದರೆ ಬೇರೆಯವರನ್ನು ನೋಡಿ, ಅದರಲ್ಲಿ ಸಂಕೋಚ ಏನು?

ಬಿಪಿ, ಶುಗರ್ ನೋಡಿಸೋಕೆ ರಾಜ್ಯ ಸರ್ಕಾರದ 'ನಮ್ಮ ಕ್ಲಿನಿಕ್' ಕೂಡ ಇದೆ, ಅಲ್ಲೂ ಎಂಬಿಬಿಎಸ್ ಡಾಕ್ಟರೇ ಇರುತ್ತಾರೆ, ದುಡ್ಡು ಕೊಡಬೇಕಿಲ್ಲ. 70 ತುಂಬಿದವರಿಗೆ ಅಂತ ಕೇಂದ್ರ 2024ರಲ್ಲಿ ತಂದ ಆಯುಷ್ಮಾನ್ ವಯ ವಂದನಾ ಕಾರ್ಡ್ ಬಗ್ಗೆ ಮಗ ಕೇಳಿದರು. ಅದು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ, ಕ್ಲಿನಿಕ್ ಫೀಸಿಗಲ್ಲ.

"ಕನ್ಸಲ್ಟೇಶನ್ನಿಗೆ ನೀವು ಜೊತೆಗಿದ್ದರೂ ಮೊದಲ ಐದು ನಿಮಿಷ ಬಾಯಿ ಬಿಡಬೇಡಿ" ಅಂದೆ. ಅಮ್ಮ ನಕ್ಕರು.

ಈಗ ಮಾರ್ಕೆಟ್ ಹಿಂದಿನ ಒಂದು ಕ್ಲಿನಿಕ್‌ಗೆ ಹೋಗುತ್ತಿದ್ದಾರೆ. ಆ ಡಾಕ್ಟರ್ ಎರಡು ಬಿಪಿ ಮಾತ್ರೆಯಲ್ಲಿ ಒಂದನ್ನು ತೆಗೆದರು, ಹೃದಯದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಟೋಕನ್ ತಗೊಂಡು ಕಾಯಬೇಕು, ಆ್ಯಪ್ ಇಲ್ಲ ಅನ್ನುವುದು ಮಗನ ಗೊಣಗಾಟ. ಯಜಮಾನರ ದುಃಖದ ಮಾತಿಗೆ ಅಮ್ಮ ನನ್ನ ಹತ್ತಿರ ಬರುತ್ತಲೇ ಇದ್ದಾರೆ, ಆಟೋ ಹಿಡಿದು, ಒಬ್ಬರೇ.